ಇಪ್ಪತ್ತು ತಿಂಗಳ ದೇಶ

ಅಜ್ಜಿಯ ಕಣ್ಣು ಮಂಜಾದ ಮೇಲೆ ಅವಳಿಗೆ ಬಂದ ಕಾಗದಗಳನ್ನೆಲ್ಲ ಓದುವವಳು ನಾನೇ. ಮೂವತ್ತೊಂದು ವರ್ಷದ ಮೇಲೆ ಚಿಕ್ಕಜ್ಜಿಯ ಕಾಗದ ಬಂದಾಗಲೂ ನಾನೇ ಓದಿದೆ. ಅವಳು ಅಜ್ಜಿಯ ಒಡಹುಟ್ಟಿದ ತಂಗಿ, ಮದುವೆಯಾಗಿ ಪಕ್ಕದ ದೇಶ ಸೇರಿದವಳು. ಅಕ್ಕತಂಗಿಯರ ಜಗಳದ ಕಾರಣ ಇಬ್ಬರಿಗೂ ಮರೆತಿತ್ತು. ಜಗಳ ಮಾತ್ರ ನೆನಪಿತ್ತು.

"4/5ಕ್ಕೆ ಬೆಳಗಿನ ರೈಲಿಗೆ ಬರ್ತೀನಿ ಅಕ್ಕಾ. ಬಾಗಿಲು ತೆರೆದಿದ್ರೆ ಒಳಗೆ ಬರ್ತೀನಿ. ಮುಚ್ಚಿದ್ರೆ ನಿನ್ನ ಸಿಟ್ಟು ಇನ್ನೂ ಇಳಿದಿಲ್ಲ ಅಂದ್ಕೊಂಡು ವಾಪಸ್ ಹೋಗ್ತೀನಿ."

"ಯಾವತ್ತೇ ಅದು?"

"ಮೇ ನಾಲ್ಕು."

ಉತ್ತರ ಬರೆಯಲು ಹೊರಟರೆ ಅಜ್ಜಿ ತಡೆದಳು. "ಬೇಡ, ಬಾಗಿಲೇ ಹೇಳಲಿ."

ಕಾಗದದ ತಲೆಯ ಮೇಲೆ ತಾರೀಕು 3/20 ಎಂದಿತ್ತು. ನನಗೆ ನಗು ಬಂತು. "ಅಜ್ಜೀ, ನಿನ್ನ ತಂಗಿ ದೇಶದಲ್ಲಿ ವರ್ಷಕ್ಕೆ ಇಪ್ಪತ್ತು ತಿಂಗಳು!"

"ಇದ್ರೂ ಇರುತ್ತೆ. ಚಿಕ್ಕೋಳಿದ್ದಾಗಿಂದ ಅವಳಿಗೆ ಎಲ್ಲಾ ನನಗಿಂತ ಜಾಸ್ತೀನೇ ಬೇಕು."

ಅಂದು ಸಂಜೆ ಅಜ್ಜಿ ಇಪ್ಪತ್ತು ತಿಂಗಳ ದೇಶದ ಕಥೆಯನ್ನೇ ಕಟ್ಟಿದಳು. ಮುನಿಸಿಕೊಂಡವರು ರಾಜಿಯಾಗಲೆಂದೇ ಅಲ್ಲಿ ಎಂಟು ತಿಂಗಳು ಹೆಚ್ಚಂತೆ.

ಏಪ್ರಿಲ್ ಐದರಂದು ಮನೆಗೆ ಬೀಗ ಹಾಕಿ ಊರಾಚೆಯ ಹಾಸಿಗೆ ಅಂಗಡಿಗೆ ಹೋದೆವು. ತಂಗಿಯ ಬೆನ್ನಿಗೆ ಚುಚ್ಚಬಾರದೆಂದು ಅಜ್ಜಿ ಒಂದೊಂದು ಹಾಸಿಗೆಗೂ ಮೊಣಕೈ ಊರಿ ನೋಡಿದಳು. ಮನೆ ಸೇರುವಾಗ ಸಂಜೆಯೇ ಆಗಿತ್ತು.

ಮೇ ನಾಲ್ಕರಂದು ಬಾಗಿಲು ಮುಚ್ಚದಂತೆ ಕಲ್ಲು ಅಡ್ಡವಿಟ್ಟು ಬೆಳಗಿನಿಂದ ಕೂತೆವು. ರೈಲು ಕೂಗಿತು, ಹೋಯಿತು. ಹೊತ್ತಿಳಿದ ಮೇಲೆ ಕೆಳಗಿನ ಅಂಗಡಿಯಲ್ಲಿ ಗಡಿಯಾರ ರಿಪೇರಿ ಮಾಡುವ ಮಾವ ತಲೆಯೆತ್ತಿ ಕೇಳಿದರು. "ಏನಮ್ಮಾ, ಇವತ್ತು ಬೀದಿಯ ಧೂಳನ್ನೆಲ್ಲ ಮನೆಗೆ ಕರೀತಿದ್ದೀರಾ?"

"ಅಜ್ಜಿ ತಂಗಿ ಬರಬೇಕಿತ್ತು ಮಾವ."

"ತಂಗಿನಾ? ಹೋದ ತಿಂಗಳು ಒಬ್ರು ಬಂದಿದ್ರಲ್ಲ! ನೀವು ಹಾಸಿಗೆ ತಂದ್ರಲ್ಲ, ಆ ದಿನ. ಮಧ್ಯಾಹ್ನದವರೆಗೂ ಪೆಟ್ಟಿಗೆ ಇಟ್ಕೊಂಡು ಮೆಟ್ಟಿಲ ಮೇಲೆ ಕೂತಿದ್ರು. ಬರ್ತಾರೆ, ಇರಿ ಅಂದೆ. 'ಬೀಗ ನೋಡಿದೆನಲ್ಲ, ಸಾಕು' ಅಂದ್ರು. ಹೇಳೋಣ ಅಂದ್ಕೊಂಡು ಮರ್ತೇಬಿಟ್ಟೆ."

ಒಳಗೋಡಿ ಕಾಗದ ತೆಗೆದೆ. 3/20. ಅವರಲ್ಲಿ ಮೊದಲು ತಿಂಗಳು, ಆಮೇಲೆ ದಿನ. ಹಾಗಾದರೆ 4/5 ಎಂದರೆ ಏಪ್ರಿಲ್ ಐದು.

ಹೇಳಿದಾಗ ಅಜ್ಜಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಬರಿ," ಎಂದಳು. "ಹಾಸಿಗೆ ತರೋಕೆ ಹೋಗಿದ್ವಿ ಅಂತ ಬರಿ. ನಿನಗೇ ತರೋಕೆ ಅಂತ ಬರಿ. ತಿಂಗಳನ್ನ ಮಾತ್ರ ಅಕ್ಷರದಲ್ಲಿ ಬರಿಯೇ ತಾಯಿ."

ಮರುದಿನವೇ ಅಂಚೆಗೆ ಹಾಕಿದೆ.

ಆರು ವಾರದ ಮೇಲೆ ನಮ್ಮ ಲಕೋಟೆ ಒಡೆಯದೆ ಹಿಂದಕ್ಕೆ ಬಂತು. ಜೊತೆಗೆ ಚಿಕ್ಕಜ್ಜಿಯ ಪಕ್ಕದ ಮನೆಯವರ ಚೀಟಿ. ನಿಮ್ಮ ತಂಗಿ ತೀರಿಹೋದರು, 5/6ರಂದು, ನಿದ್ದೆಯಲ್ಲೇ.

ಚೀಟಿಯನ್ನಷ್ಟೇ ಓದಿ ಹೇಳಿದೆ. ಅಜ್ಜಿ ಸೆರಗಿನ ತುದಿ ಹಿಂಡಿದಳು.

"ಯಾವತ್ತೇ ಅದು?"

ಮೇ ಆರು. ನಾನು ಅಂಚೆಗೆ ಹಾಕಿದ ಮರುದಿನ. ಈ ಸಲ ನನಗೆ ಸರಿಯಾಗಿ ಓದಲು ಬರುತ್ತಿತ್ತು.

"ಜೂನ್ ಐದು, ಅಜ್ಜಿ."

ಅಜ್ಜಿ ಬೆರಳು ಮಡಚಿ ಎಣಿಸಿದಳು. "ಹಾಗಾದ್ರೆ ಅವಳಿಗೆ ನಮ್ಮ ಕಾಗದ ಸಿಕ್ಕಿರತ್ತೆ, ಅಲ್ವೇನೇ?"

"ಸಿಕ್ಕಿರತ್ತೆ."

ಲಕೋಟೆಯನ್ನು ಹೊಸ ಹಾಸಿಗೆಯ ಅಡಿಗೆ ಸರಿಸಿದೆ. ಅಜ್ಜಿ ಗೋಡೆ ಹಿಡಿದು ಬಂದು ಅದರ ಮೇಲೆಯೇ ಕೂತಳು, ಮೊಣಕೈ ಊರಿ ನೋಡಿದಳು.

"ಚುಚ್ಚಲ್ಲ," ಎಂದಳು.