ಅತ್ತಿಗೆ ನಾದಿನಿಯ ಎರಡು ಕಳಾವರ್

ಒಂದು ಮನೆಯ ನೆಮ್ಮದಿ ಯಾವುದರ ಮೇಲೆ ನಿಂತಿದೆ ಎಂದು ಕೇಳಿದರೆ ತಿಳಿದವರು ಆರೋಗ್ಯ, ಪ್ರೀತಿ, ಹೊಂದಾಣಿಕೆ ಎಂದು ಏನೇನೋ ಹೇಳಿಯಾರು. ಈ ಕತೆಯ ಮನೆಯ ಮಟ್ಟಿಗೆ ಅದು ನಿಂತಿದ್ದದ್ದು ಬ್ರಿಜ್ ಆಟದಲ್ಲಿ ‘ಎರಡು ಕಳಾವರ್’ ಎಂದು ಕೂಗಿದರೆ ಏನರ್ಥ ಎಂಬ ಪ್ರಶ್ನೆಯ ಮೇಲೆ. ರಾಜರು ಗಡಿಗಾಗಿ ಬಡಿದಾಡಿಕೊಂಡದ್ದನ್ನೆಲ್ಲ ಚರಿತ್ರೆ ಬರೆದಿಟ್ಟಿದೆ. ಒಬ್ಬ ಅತ್ತಿಗೆಯೂ ಒಬ್ಬ ನಾದಿನಿಯೂ ಎರಡು ಪದಕ್ಕಾಗಿ ವರ್ಷಗಟ್ಟಲೆ ಹಗ್ಗಜಗ್ಗಾಟ ಆಡಿದ್ದನ್ನು ಮಾತ್ರ ಯಾರೂ ಬರೆದಿಟ್ಟಿಲ್ಲ. ಚರಿತ್ರೆಕಾರರ ಆ ಲೋಪವನ್ನು ಇಲ್ಲಿ ಸರಿಪಡಿಸಲಾಗಿದೆ.

ನಾದಿನಿಯನ್ನು ಎಲ್ಲರೂ ಕರೆಯುತ್ತಿದ್ದದ್ದು ಮರಿ ಎಂದು. ಮನೆಗೆ ಕೊನೆಯವಳಾಗಿ ಹುಟ್ಟಿದ್ದಕ್ಕೆ ಅಂಟಿಕೊಂಡ ಆ ಹೆಸರು ತಲೆ ನರೆತ ಮೇಲೂ ಬಿಟ್ಟಿರಲಿಲ್ಲ. ಮರಿಯದು ಔಷಧಿ ಅಂಗಡಿ. ಸೀಸೆಯ ಮೇಲೆ ಏನು ಬರೆದಿದೆಯೋ ಸೀಸೆಯೊಳಗೂ ಅದೇ ಇರಬೇಕು ಎನ್ನುವುದು ಅವಳ ವೃತ್ತಿಧರ್ಮ, ಮತ್ತು ಕ್ರಮೇಣ ಅವಳ ಸ್ವಭಾವ. ಅವಳ ಅಣ್ಣನ ಹೆಂಡತಿ, ಅಂದರೆ ಅತ್ತಿಗೆ, ಪಕ್ಕದ ಬೀದಿಯಲ್ಲೇ ಕನ್ನಡಕದ ಅಂಗಡಿ ನಡೆಸುತ್ತಿದ್ದರು. ಅವರ ಹೊಟ್ಟೆಪಾಡೇ ಪ್ರಶ್ನೆ ಕೇಳುವುದು. “ಈ ಗಾಜಲ್ಲಿ ಚೆನ್ನಾಗಿ ಕಾಣುತ್ತಾ, ಈ ಗಾಜಲ್ಲಾ? ಮೊದಲನೇದಾ, ಇದಾ?” ಎಂದು ದಿನವಿಡೀ ಕೇಳಿ ಕೇಳಿ, ಕೇಳದೆ ಏನನ್ನೂ ತೀರ್ಮಾನಿಸಬಾರದು ಎಂಬಲ್ಲಿಗೆ ಬಂದು ನಿಂತಿದ್ದರು.

ಬ್ರಿಜ್ ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು. ನಾಲ್ವರು ಕೂರುತ್ತಾರೆ, ಎದುರುಬದುರು ಕೂತವರು ಜೋಡಿ. ಆಟಕ್ಕೆ ಮೊದಲು ಹರಾಜಿನ ಹಾಗೆ ಕೂಗುತ್ತಾರೆ: ಯಾವ ಜಾತಿಯ ಎಲೆ ತುರುಫು, ಎಷ್ಟು ಟ್ರಿಕ್, ಅಂದರೆ ಎಷ್ಟು ಸುತ್ತು, ಗೆಲ್ಲುತ್ತೇವೆ ಎಂದು. ಜೋಡಿಗೆ ತನ್ನ ಕೈಯಲ್ಲಿ ಏನಿದೆ ಎಂದು ತಿಳಿಸಲು ಈ ಕೂಗು ಬಿಟ್ಟರೆ ಬೇರೆ ದಾರಿಯಿಲ್ಲ. ಹುಬ್ಬು ಹಾರಿಸುವಂತಿಲ್ಲ, ನಿಟ್ಟುಸಿರು ಬಿಡುವಂತಿಲ್ಲ. ಆದ್ದರಿಂದ ಯಾವ ಕೂಗಿಗೆ ಯಾವ ಅರ್ಥ ಎಂದು ಜೋಡಿಗಳು ಮೊದಲೇ ಒಪ್ಪಂದ ಮಾಡಿಕೊಂಡಿರುತ್ತಾರೆ. ಆ ಒಪ್ಪಂದ ಗುಟ್ಟಲ್ಲ. ಎದುರಾಳಿ ಕೇಳಿದರೆ ಹೇಳಲೇಬೇಕು.

ಒಬ್ಬರು ‘ಒಂದು ನೋ ಟ್ರಂಪ್’ ಎಂದು, ಅಂದರೆ ತುರುಫೇ ಬೇಡ ಎಂದು, ಶುರುಮಾಡಿದರೆ, ಕೈ ಬಲವಾಗಿದೆ ಎಂದರ್ಥ. ಅದಕ್ಕೆ ಜೋಡಿ ‘ಎರಡು ಕಳಾವರ್’ ಎಂದರೆ? ಅತ್ತಿಗೆಯ ಪ್ರಕಾರ ಅದೊಂದು ಪ್ರಶ್ನೆ: ನಿನ್ನ ಹತ್ತಿರ ನಾಲ್ಕು ಆಟೀನೋ ನಾಲ್ಕು ಇಸ್ಪೀಟೋ ಇದೆಯಾ? ಕಳಾವರಿಗೂ ಅದಕ್ಕೂ ಸಂಬಂಧವೇ ಇಲ್ಲ. ಮರಿಯ ಪ್ರಕಾರ ಎರಡು ಕಳಾವರ್ ಎಂದರೆ ಕಳಾವರ್.

“ಲೋಕವೆಲ್ಲಾ ನನ್ನ ಹಾಗೇ ಆಡುತ್ತೆ ಕಣೇ,” ಅನ್ನುತ್ತಿದ್ದರು ಅತ್ತಿಗೆ.

“ಲೋಕ ಕೆಮ್ಮಿನ ಸೀಸೆ ಮೇಲೆ ಹೊಟ್ಟೆನೋವು ಅಂತ ಬರೀಲಿ ಅತ್ತಿಗೆ, ನಾನು ಬರಿಯಲ್ಲ.”

ಹೀಗಾಗಿ ಭಾನುವಾರದ ಬ್ರಿಜ್ ಕ್ಲಬ್ಬಿನಲ್ಲಿ ಒಂದು ವಾರ ಅತ್ತಿಗೆಯ ಅರ್ಥದಲ್ಲಿ, ಇನ್ನೊಂದು ವಾರ ಮರಿಯ ಅರ್ಥದಲ್ಲಿ, ಬಹುತೇಕ ವಾರ ಇಬ್ಬರೂ ತಂತಮ್ಮ ಅರ್ಥದಲ್ಲಿ ಆಡಿ, ಗೆಲ್ಲಬೇಕಾದ್ದನ್ನೆಲ್ಲ ಸೋತು ಬರುತ್ತಿದ್ದರು.

ಇದನ್ನು ನೋಡಿ ನೋಡಿ ಸಂಕಟಪಟ್ಟವರು ಹಲ್ಲಿನ ಡಾಕ್ಟರು. ಕ್ಲಬ್ಬಿನಲ್ಲಿ ಅವರನ್ನು ಮೀರಿಸುವ ಆಟಗಾರ ಇರಲಿಲ್ಲ. ಅದು ಅವರಿಗೂ ಗೊತ್ತಿತ್ತು. ಹೊಸ ಕನ್ನಡಕಕ್ಕೆ ಅಳತೆ ಕೊಡಲು ಬಂದವರು ಮೂಗಿನ ಮೇಲೆ ಫ್ರೇಮು ಇಟ್ಟುಕೊಂಡೇ ಅತ್ತಿಗೆಗೆ ಹೇಳಿದರು: “ನಿಮ್ಮಂಥೋರು ಈ ಜೋಡೀಲಿ ಸವೆದು ಹೋಗ್ತಿದ್ದೀರಿ ಮೇಡಂ. ವಾರ್ಷಿಕ ಪಂದ್ಯದಲ್ಲಿ ನೀವು ಗೆದ್ದರೆ ಸರಿ, ನಾನು ಬಾಯಿ ಮುಚ್ಕೋತೀನಿ. ಗೆಲ್ಲದೇ ಇದ್ದರೆ ಮುಂದಿನ ವರ್ಷ ನನ್ನ ಎದುರು ಕೂತ್ಕೊಳ್ಳಿ.”

ಅತ್ತಿಗೆ ನಗುತ್ತಾ ಆಗಲಿ ಅಂದುಬಿಟ್ಟರು. ನಗುತ್ತಾ ಕೊಟ್ಟರೂ ಕೊಟ್ಟ ಮಾತು ಮಾತೇ. ಸಂಜೆ ಮನೆಗೆ ಬಂದು ಮರಿಗೆ ಅದನ್ನು ಹೇಳಿಯೂ ಹೇಳಿದರು.

“ಆಡಿ ಅತ್ತಿಗೆ. ನನಗೇನು?” ಎಂದಳು ಮರಿ.

ಮಾರನೇ ದಿನ ಅವಳು ಅಂಗಡಿಯ ಬಾಗಿಲ ಬೋರ್ಡನ್ನು ‘ಮುಚ್ಚಿದೆ’ ಎಂಬ ಕಡೆಗೇ ಬಿಟ್ಟು, ಗಿರಾಕಿಗಳೇಕೆ ಬರುತ್ತಿಲ್ಲ ಎಂದು ಮಧ್ಯಾಹ್ನದವರೆಗೆ ಕೂತಿದ್ದಳು. ಪಂದ್ಯ ಹೋದರೆ ಹೋಯಿತು. ಆದರೆ ಭಾನುವಾರದ ಮಧ್ಯಾಹ್ನಗಳು? ಗ್ರಂಥಾಲಯದ ಮಹಡಿಯ ಹಾಲಿಗೆ ಅತ್ತಿಗೆಯ ಜೊತೆ ನಡೆದು ಹೋಗುವುದು, ದಾರಿಯುದ್ದಕ್ಕೂ ಸಿಕ್ಕಿದವರನ್ನೆಲ್ಲ ಆಡಿಕೊಳ್ಳುವುದು, ವಾಪಸು ಬರುವಾಗ ಸೋತ ಆಟವನ್ನು ಬೀದಿಯಲ್ಲೇ ನಿಂತು ಮತ್ತೆ ಆಡಿ ಮತ್ತೆ ಜಗಳವಾಡುವುದು. ತನ್ನ ಎದುರಿನ ಕುರ್ಚಿಯಲ್ಲಿ ಬೇರೆ ಯಾರನ್ನಾದರೂ ಊಹಿಸಿಕೊಳ್ಳಲು ಮರಿಗೆ ಆಗಲಿಲ್ಲ.

ಪಂದ್ಯದ ಬೆಳಿಗ್ಗೆ ಕೊನೆಯ ಸಂಧಾನ ನಡೆಯಿತು. ಅಣ್ಣ ಅಡುಗೆಮನೆಯ ಮೇಜಿನ ಮೇಲೆ ಯಾರದೋ ರೇಡಿಯೋ ಬಿಚ್ಚಿಕೊಂಡು ಕೂತಿದ್ದ.

“ಇವತ್ತು ಒಂದು ದಿನ ನನ್ನ ಮಾತು ಕೇಳು ಮರಿ.”

“ಇವತ್ತು ಒಂದು ದಿನ ನೀವು ನನ್ನ ಮಾತು ಕೇಳಬಾರದಾ ಅತ್ತಿಗೆ?”

“ಹಟಮಾರಿ.”

“ನಿಮ್ಮ ಜೊತೆಗಿದ್ದು ಕಲಿತಿದ್ದು.”

ಎರಡು ಬಾಗಿಲುಗಳು ಒಟ್ಟಿಗೇ ಬಡಿದುಕೊಂಡವು. ಅಣ್ಣ ಮೇಜಿನಿಂದ ಉರುಳಿದ ಸ್ಕ್ರೂ ಹುಡುಕುತ್ತಾ ಗೋಡೆಗೆ ಹೇಳಿದ: “ಮದುವೆ ಆದ ದಿನದಿಂದ ನಾನು ಕೂಗಿರೋದು ಒಂದೇ. ಪಾಸ್. ಇವತ್ತಿನವರೆಗೂ ಯಾರೂ ಅದರ ಅರ್ಥ ಕೇಳಿಲ್ಲ.”

ಹಾಲಿನಲ್ಲಿ ಹಸಿರು ಬಟ್ಟೆ ಹೊದಿಸಿದ ಮೇಜುಗಳು, ಒಂದರ ಕುಂಟುಕಾಲಿಗೆ ಮಡಚಿಟ್ಟ ರಟ್ಟು, ಕಿಟಕಿಯ ಕೆಳಗೆ ಸಾಲಾಗಿ ನಿಂತ ಸೈಕಲ್ಲುಗಳು. ಹಂಚಿದ ಎಲೆಗಳನ್ನು ಹಾಗೇ ಜೋಡಿಸಿಟ್ಟು ಮೇಜಿನಿಂದ ಮೇಜಿಗೆ ದಾಟಿಸುತ್ತಾರೆ. ಎಲ್ಲ ಜೋಡಿಗಳೂ ಅದೇ ಎಲೆಗಳನ್ನೇ ಆಡುತ್ತವೆ. ಅದೃಷ್ಟದ ಮೇಲೆ ತಪ್ಪು ಹೊರಿಸುವ ಸುಖವನ್ನು ಆಟಗಾರರಿಂದ ಕಿತ್ತುಕೊಳ್ಳಲು ಯಾರೋ ನಿರ್ದಯಿ ಕಂಡುಹಿಡಿದ ಪದ್ಧತಿ ಇದು. ಅಂದು ಮಾತ್ರ ಎಲೆಗಳು ಕರುಣೆ ತೋರಿದವು. ಸಂಜೆಯ ಹೊತ್ತಿಗೆ ಗೋಡೆಯ ಹಲಗೆಯ ಮೇಲೆ ಹಲ್ಲಿನ ಡಾಕ್ಟರ ಜೋಡಿ ಮೊದಲು, ಕೂದಲೆಳೆಯಷ್ಟು ಹಿಂದೆ ಅತ್ತಿಗೆ ನಾದಿನಿ. ಎರಡು ಕಳಾವರ್ ಎಂದು ಕೂಗುವ ಪ್ರಸಂಗ ಒಮ್ಮೆಯೂ ಬಂದಿರಲಿಲ್ಲ. ಕೊನೆಯ ಹಂಚಿಕೆಯೊಂದೇ ಉಳಿದಿತ್ತು, ಅದೂ ಡಾಕ್ಟರ ಮೇಜಿನಲ್ಲಿ. ಅವರ ಜೋಡಿ ಒಬ್ಬ ವಕೀಲರು. ಕೋರ್ಟಿನ ಹೊರಗೆ ಮಾತನ್ನು ದಂಡ ಮಾಡುವವರಲ್ಲ.

ಅತ್ತಿಗೆ ಎಲೆಗಳನ್ನು ಬೀಸಣಿಗೆ ಮಾಡಿ, ಕನ್ನಡಕ ಸರಿಪಡಿಸಿಕೊಂಡು ಹೇಳಿದರು: “ಒಂದು ನೋ ಟ್ರಂಪ್.”

ವಕೀಲರು ಪಾಸ್ ಎಂದರು.

ಮರಿ ತನ್ನ ಕೈ ನೋಡಿಕೊಂಡಳು. ನಾಲ್ಕು ಇಸ್ಪೀಟು, ನಾಲ್ಕು ಆಟೀನು. ಕಳಾವರ್ ಮೂರೇ ಮೂರು. ಅತ್ತಿಗೆಯ ಪ್ರಶ್ನೆ ಕೇಳಲೆಂದೇ ಹೊಲಿಸಿದಂತಿದ್ದ ಕೈ. ತನ್ನ ಲೆಕ್ಕದಲ್ಲಿ ಈ ಮೂರು ಕಳಾವರ್ ಇಟ್ಟುಕೊಂಡು ಎರಡು ಕಳಾವರ್ ಎನ್ನುವುದು ನೀರು ತುಂಬಿ ಟಾನಿಕ್ ಎಂದು ಚೀಟಿ ಅಂಟಿಸಿದಂತೆ. ಅವಳು ಎದುರಿಗಿನ ಮುಖ ನೋಡಿದಳು. ಬೆಳಿಗ್ಗೆ ಹಟಮಾರಿ ಎಂದ ಬಾಯಿ ಈಗ ಬಿಗಿದುಕೊಂಡಿತ್ತು. ಸೀಸೆ ಹಾಳಾಗಿ ಹೋಗಲಿ, ಎಂದುಕೊಂಡಳು ಮರಿ. ಗೆದ್ದರೂ ಅತ್ತಿಗೆಯ ಮಾತಿನಂತೆ ಗೆಲ್ಲೋಣ, ಸೋತರೂ ಅವರ ಮಾತು ಕೇಳಿದೆ ಅಂತಾದರೂ ಇರಲಿ.

“ಎರಡು ಕಳಾವರ್.”

ಡಾಕ್ಟರು ನೆಟ್ಟಗೆ ಕೂತರು. ಕ್ಲಬ್ಬಿನಲ್ಲಿ ಈ ಕೂಗಿನ ಪುರಾಣ ತಿಳಿಯದವರಿರಲಿಲ್ಲ. “ಮೇಡಂ, ಇದಕ್ಕೆ ನಿಮ್ಮಲ್ಲಿ ಏನು ಅರ್ಥ?” ಎಂದು ಅತ್ತಿಗೆಯನ್ನು ಕೇಳಿದರು.

ಅತ್ತಿಗೆ ಎಲೆಗಳಿಂದ ಕಣ್ಣೆತ್ತಿ ಹೇಳಿದರು: “ಕಳಾವರ್ ಇದೆ ಅಂತ.”

“ನಿಜವಾದ ಕಳಾವರಾ?”

“ಸುಳ್ಳು ಕಳಾವರ್ ಬೇರೆ ಇರುತ್ತಾ ಡಾಕ್ಟ್ರೇ? ನಮ್ಮ ಮರಿ ಸೀಸೆ ಮೇಲೆ ಬರೆದಿದ್ದನ್ನೇ ಒಳಗೆ ತುಂಬೋಳು.”

ಮರಿಗೆ ಅರ್ಥವಾಯಿತು. ಅತ್ತಿಗೆ ಸೋತಿದ್ದರು. ಇಷ್ಟು ವರ್ಷ ಹಿಡಿದ ಹಟವನ್ನು, ಗೆಲ್ಲಲೇಬೇಕಾದ ದಿನ, ತನಗಾಗಿ ಬಿಟ್ಟುಕೊಟ್ಟಿದ್ದರು. ಅದೂ ತಾನು ಅವರಿಗಾಗಿ ಬಿಟ್ಟುಕೊಟ್ಟ ಅದೇ ಗಳಿಗೆಯಲ್ಲಿ. ಅಳಬೇಕೋ ನಗಬೇಕೋ ತಿಳಿಯಲಿಲ್ಲ. ನಿಯಮದ ಪ್ರಕಾರ ಎರಡನ್ನೂ ಮಾಡುವಂತಿರಲಿಲ್ಲ.

ಡಾಕ್ಟರು ಪಾಸ್. ಅತ್ತಿಗೆ, ನಾದಿನಿಗೆ ಕಳಾವರ್ ಮೇಲೆ ಅಷ್ಟು ಪ್ರೀತಿಯಿದ್ದರೆ ಇರಲಿ ಎಂಬಂತೆ, ಪಾಸ್. ವಕೀಲರು ಪಾಸ್. ಕಳಾವರೇ ತುರುಫು ಎಂದಾಯಿತು. ಕೂಗಿದ ಎರಡಕ್ಕೆ ಆಟದ ಲೆಕ್ಕದ ಆರು ಸೇರಿಸಿ ಮರಿ ಎಂಟು ಟ್ರಿಕ್ ಗೆದ್ದು ತೋರಿಸಬೇಕು.

ಬಾಯಿ ಮುಚ್ಚಿಕೊಂಡಿದ್ದರೆ ಎದುರಾಳಿಗಳು ದಾರಿ ತಪ್ಪುತ್ತಿದ್ದರು. ಆದರೆ ಜೋಡಿ ಹೇಳಿದ ಅರ್ಥ ಸರಿಯಲ್ಲ ಅನ್ನಿಸಿದರೆ ಮೊದಲ ಎಲೆ ಬೀಳುವ ಮುಂಚೆ ಹೇಳಬೇಕು ಎಂಬುದು ಆಟದ ಧರ್ಮ. ತಪ್ಪು ಚೀಟಿ ಅಂಟಿದ ಸೀಸೆಯನ್ನು ಮರಿ ಇವತ್ತಿನವರೆಗೂ ಅಂಗಡಿಯಿಂದ ಹೊರಗೆ ಬಿಟ್ಟವಳಲ್ಲ.

“ಡಾಕ್ಟ್ರೇ, ಎಲೆ ಹಾಕಬೇಡಿ. ನಾನು ಅದನ್ನ ಪ್ರಶ್ನೆ ಅಂತಲೇ ಕೂಗಿದ್ದು. ಅತ್ತಿಗೆ ಅರ್ಥದಲ್ಲಿ.”

ಅತ್ತಿಗೆಯ ಕನ್ನಡಕ ಮೂಗಿನ ತುದಿಗೆ ಜಾರಿತು. “ಏನಂದೆ?”

ಡಾಕ್ಟರು ಕೈಯೆತ್ತಿ ತೀರ್ಪುಗಾರ್ತಿಯನ್ನು ಕರೆದರು. ಶಾಲೆಯಿಂದ ನಿವೃತ್ತರಾಗಿದ್ದರೂ ಎಲ್ಲರಿಗೂ ಅವರು ಹೆಡ್ ಮಿಸ್ಸೇ. ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು.

“ನಿಮ್ಮಿಬ್ಬರ ಒಪ್ಪಂದ ಏನು? ಒಬ್ಬೊಬ್ಬರೇ ಹೇಳಿ.”

“ಮರಿ ಅರ್ಥ ಮಿಸ್,” ಎಂದರು ಅತ್ತಿಗೆ.

“ಅತ್ತಿಗೆ ಅರ್ಥ ಮಿಸ್,” ಎಂದಳು ಮರಿ.

“ಅಂದರೆ ನೀವು ಇವಳ ಮಾತು ಒಪ್ಪಿದಿರಿ, ಇವಳು ನಿಮ್ಮ ಮಾತು ಒಪ್ಪಿದಳು. ಯಾವಾಗ?”

“ಈಗ,” ಎಂದರು ಇಬ್ಬರೂ.

“ಹೇಳಿಕೊಂಡಿರಾ?”

“ಹೇಗೆ ಹೇಳಿಕೊಳ್ಳೋದು ಮಿಸ್,” ಎಂದಳು ಮರಿ, “ಬೆಳಿಗ್ಗೆಯಿಂದ ಮಾತು ಬಿಟ್ಟಿದ್ದೀವಿ.”

ಮೊದಲು ನಕ್ಕವರು ಅತ್ತಿಗೆ. ತಡೆದುಕೊಳ್ಳಲು ಹೋಗಿ ಎಲೆಗಳಿಂದ ಮುಖ ಮುಚ್ಚಿಕೊಂಡರು, ಅದರಿಂದ ನಗು ಇನ್ನೂ ಜೋರಾಯಿತು. ಮರಿ ಮೇಜಿನ ಅಂಚು ಹಿಡಿದುಕೊಂಡು ನಕ್ಕಳು. ಅಕ್ಕಪಕ್ಕದ ಮೇಜಿನವರು ಎದ್ದು ಬಂದರು. ವಕೀಲರು ಗಂಟಲು ಸರಿಮಾಡಿಕೊಂಡು ಅಂದಿನ ತಮ್ಮ ಏಕೈಕ ವಾಕ್ಯವನ್ನು ಆಡಿದರು: “ಎರಡೂ ಕಡೆಯವರು ತಾವೇ ಸೋತೆವು ಅಂತ ವಾದ ಮಾಡೋ ಕೇಸನ್ನ ನಾನು ಇದೇ ಮೊದಲು ನೋಡ್ತಿರೋದು.”

“ಒಪ್ಪಂದ ಏನೂ ಇಲ್ಲ,” ಎಂದು ತೀರ್ಪು ಕೊಟ್ಟರು ಹೆಡ್ ಮಿಸ್. “ಅದನ್ನ ಎದುರಾಳಿಗಳಿಗೆ ಮುಚ್ಚಿಡದೆ ಹೇಳಿದ್ದಾರೆ. ಆಟ ಮುಂದುವರಿಯಲಿ. ನಗೋದು ನಿಲ್ಲಿಸಿ, ಇದು ಗ್ರಂಥಾಲಯ.”

ಡಾಕ್ಟರು ಡೈಮನ್ ಎಲೆಯೊಂದನ್ನು ಹಾಕಿದರು. ಅತ್ತಿಗೆ ತಮ್ಮ ಕೈಯನ್ನು ಮೇಜಿನ ಮೇಲೆ ಹರಡಿದರು. ಕಳಾವರ್ ನಾಲ್ಕು. ಆಟೀನೂ ನಾಲ್ಕು. ಮರಿ ಕಣ್ಣಲ್ಲೇ ಲೆಕ್ಕ ಹಾಕಿದಳು: ಕೇಳಿದ ಪ್ರಶ್ನೆಗೆ ಉತ್ತರ ಬಂದಿದ್ದರೆ ಆಟೀನನ್ನೇ ತುರುಫು ಮಾಡಿ ಇಬ್ಬರೂ ನಾಲ್ಕರವರೆಗೆ, ಅಂದರೆ ಹತ್ತು ಟ್ರಿಕ್ಕಿನವರೆಗೆ, ಹೋಗಿಬಿಡುತ್ತಿದ್ದರು. ಬೇರೆ ಮೇಜುಗಳಲ್ಲಿ ಬುದ್ಧಿ ನೆಟ್ಟಗಿರುವವರೆಲ್ಲ ಅಲ್ಲಿಗೇ ಹೋಗಿರುತ್ತಾರೆ. ಇಲ್ಲಿ ತಾವು ಏಳು ಬಡಕಲು ಕಳಾವರ್ ಹಿಡಿದುಕೊಂಡು ಎಂಟು ಟ್ರಿಕ್ಕಿಗೆ ತಡಕಾಡಬೇಕು. ಎಲ್ಲಾ ಮುಗಿಯಿತು, ಎಂದುಕೊಂಡಳು. ಮುಗಿದರೂ ನಗು ಮಾತ್ರ ಹೊಟ್ಟೆಯೊಳಗೇ ಕುಣಿಯುತ್ತಿತ್ತು.

ಎದುರಾಳಿಗಳ ಕಳಾವರ್ ಮೂರು ಮೂರಾಗಿ ಹಂಚಿಹೋಗಿತ್ತು. ಮರಿ ಅವರ ಕಳಾವರ್ ಎಕ್ಕಕ್ಕೆ ಒಂದು ಟ್ರಿಕ್ ಬಿಟ್ಟುಕೊಟ್ಟು ತುರುಫೆಲ್ಲ ಎಳೆದುಕೊಂಡಳು. ಆಮೇಲೆ ಆಟೀನ್ ಎಕ್ಕ ಇಳಿಸಿದಳು. ವಕೀಲರು ಇಸ್ಪೀಟು ಹಾಕಿದರು. ಅವರ ಹತ್ತಿರ ಆಟೀನ್ ಒಂದೂ ಇರಲಿಲ್ಲ. ಉಳಿದ ಆಟೀನೆಲ್ಲ, ರಾಣಿ ಗುಲಾಮರ ಸಮೇತ, ಡಾಕ್ಟರ ಕೈಯಲ್ಲಿ ಕುಟುಂಬ ಸಮೇತ ಕೂತಿದ್ದವು.

ಮರಿ ತಲೆಯೆತ್ತಿದಳು. ಅತ್ತಿಗೆಯೂ ತಲೆಯೆತ್ತಿದ್ದರು. ಆಟೀನನ್ನು ತುರುಫು ಮಾಡಿದವರು ಯಾರೇ ಆಗಲಿ ಈ ಗೋಡೆಗೆ ತಲೆ ಚಚ್ಚಿಕೊಂಡಿರಲೇಬೇಕು ಎಂದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಡಾಕ್ಟರಿಗೆ ಅದಕ್ಕೂ ಮೊದಲೇ ಹೊಳೆದಿತ್ತು. ಹಲ್ಲು ಕೀಳಿಸಿಕೊಳ್ಳಲು ಕೂತವರ ಮುಖ ಹೇಗಿರುತ್ತದೆಂದು ಅವರಿಗೆ ದಿನವೂ ನೋಡಿ ಗೊತ್ತು, ಈಗ ಅದೇ ಮುಖ ಮಾಡಿಕೊಂಡಿದ್ದರು. ಮರಿ ಗೆಲ್ಲುವ ಎಲೆಗಳನ್ನು ಒಂದೊಂದಾಗಿ ಇಳಿಸಿದಳು. ಎಂಟು ಟ್ರಿಕ್ ಬಂದವು. ಒಂಬತ್ತನೆಯದು ಬರಲಿಲ್ಲ, ಬೇಕೂ ಇರಲಿಲ್ಲ.

ಹೆಡ್ ಮಿಸ್ ಹಲಗೆಯ ಮೇಲೆ ಬರೆದರು. ಉಳಿದ ಮೇಜುಗಳಲ್ಲೆಲ್ಲ ನಾಲ್ಕು ಆಟೀನ್ ಕೂಗಿ, ಎಲ್ಲರೂ ಮುಗ್ಗರಿಸಿದ್ದರು. ಹಲಗೆಯ ಮೊದಲ ಸಾಲಿಗೆ ಅತ್ತಿಗೆ ನಾದಿನಿ ಬಂದರು.

“ನೀವು ಹೀಗೇ ಆಡ್ತಾ ಇರಿ ಮೇಡಂ,” ಎಂದರು ಡಾಕ್ಟರು ಕೋಟು ಹಾಕಿಕೊಳ್ಳುತ್ತಾ. “ಇದನ್ನ ಎದುರಿಸೋ ವಿದ್ಯೆ ನನಗೆ ಯಾರೂ ಕಲಿಸಿಲ್ಲ.”

ದಾರಿಯಲ್ಲಿ ಬಟ್ಟೆ ಅಂಗಡಿಯ ದೀಪದ ಕೆಳಗೆ ನಿಂತು ಅತ್ತಿಗೆ ಹೇಳಿದರು: “ಇನ್ಮೇಲೆ ನಿನ್ನ ಅರ್ಥಾನೇ ಇಟ್ಕೊಳ್ಳೋಣ ಮರಿ. ಅದರಿಂದಲೇ ಗೆದ್ದಿದ್ದು.”

“ಖಂಡಿತ ಇಲ್ಲ ಅತ್ತಿಗೆ. ಲೋಕವೆಲ್ಲಾ ನಿಮ್ಮ ಹಾಗೇ ಆಡುತ್ತೆ.”

“ಲೋಕ ಕಟ್ಕೊಂಡು ನಮಗೇನಾಗಬೇಕು? ಸೀಸೆ ಮೇಲೆ ಬರೆದಿದ್ದು ಒಳಗೂ ಇರಬೇಕು ಕಣೇ.”

“ಕೇಳದೆ ತೀರ್ಮಾನ ಮಾಡಬಾರದು ಅತ್ತಿಗೆ.”

“ಹಟಮಾರಿ!”

ಜಗಳ ಮನೆಯ ಮೆಟ್ಟಿಲು ಹತ್ತಿ ಅಡುಗೆಮನೆಗೆ ಬಂತು. ಅಣ್ಣ ರೇಡಿಯೋ ಜೋಡಿಸಿ ಮುಗಿಸಿದ್ದ. ಮೇಜಿನ ಮೇಲೆ ಒಂದು ಸ್ಕ್ರೂ ಮಿಕ್ಕಿತ್ತು, ರೇಡಿಯೋ ಆದರೂ ಹಾಡುತ್ತಿತ್ತು. ನೀವೇ ಹೇಳಿ ಎಂದು ಇಬ್ಬರೂ ಅವನ ಮೇಲೆ ಬಿದ್ದರು.

“ಪಾಸ್,” ಎಂದ ಅಣ್ಣ.

ಎರಡು ಕಳಾವರ್ ಎಂದರೆ ಏನು ಎಂಬುದು ಆ ವರ್ಷ ತೀರ್ಮಾನವಾಗಲಿಲ್ಲ. ಮುಂದಿನ ವರ್ಷವೂ ಅತ್ತಿಗೆ ಮರಿಯ ಎದುರೇ ಕೂತರು.