ಒರಗಬೇಡಿ

ಚೀಟಿಗಳನ್ನು ಬಿಚ್ಚಿ ಓದಿದವಳು ನಾನೇ. ಸುಳ್ಳು ಓದಿದವಳೂ ನಾನೇ.

ಆ ವರ್ಷ ನನ್ನ ಏಳನೇ ತರಗತಿಯ ಮಕ್ಕಳು ಶಾಲೆಯ ಬೀದಿಗೆ ಉಪಯೋಗವಾಗುವ ಒಂದು ಕೆಲಸ ಮಾಡಬೇಕಿತ್ತು. ಏನು ಮಾಡಬೇಕೆಂದು ಮಕ್ಕಳೇ ಆರಿಸಬೇಕು ಎಂದು ಸುತ್ತೋಲೆಯಲ್ಲಿತ್ತು. ಅದರ ಬಗ್ಗೆ ಅರ್ಧ ಗಂಟೆ ಕೊರೆದು, "ನಿಮ್ಮ ಮಾತೇ ಕೊನೇ ಮಾತು" ಅಂದೆ. ಅಷ್ಟರಲ್ಲಾಗಲೇ ಬಸ್ ಸ್ಟಾಪಿನ ಹಿಂದಿನ ಗೋಡೆಗೆ ಚಿತ್ರ ಬರೆಸುತ್ತೇನೆಂದು ಹೆಡ್‌ಮಿಸ್‌ಗೆ ಮಾತು ಕೊಟ್ಟಾಗಿತ್ತು. ಬಣ್ಣದ ಡಬ್ಬಗಳು ಸ್ಟಾಫ್ ರೂಮಿನಲ್ಲಿ ನನ್ನ ಮೇಜಿನ ಕೆಳಗೆ ಹಳೇ ಪೇಪರ್ ಹೊದ್ದು ಕೂತಿದ್ದವು.

ಮಕ್ಕಳು ಚೀಟಿ ಬರೆದು ಚಾಕ್ ಡಬ್ಬಕ್ಕೆ ಹಾಕಿದರು. ಮೊದಲನೆಯದು ಬಿಚ್ಚಿದೆ: 'ಬಸ್ ಸ್ಟಾಪಿಗೆ ಬೆಂಚು.' ಎರಡನೆಯದೂ ಬೆಂಚು, ಮೂರನೆಯದೂ ಬೆಂಚು. ನಾಲ್ಕನೆಯದರಲ್ಲೂ ಬೆಂಚೇ ಇತ್ತು. "ಗೋಡೆ ಚಿತ್ರ" ಎಂದು ಓದಿದೆ. ನಾಲಿಗೆ ತಡವರಿಸಲೂ ಇಲ್ಲ. ಇಪ್ಪತ್ತೊಂಬತ್ತು ಚೀಟಿ ಮುಗಿಯುವಷ್ಟರಲ್ಲಿ ಚಿತ್ರ ಗೆದ್ದಿತ್ತು.

ಮುಂದಿನ ಸಾಲಿನ ಹುಡುಗಿ ಎದ್ದು ನಿಂತಳು. ಎಲ್ಲದಕ್ಕೂ ವಾದ ಹೂಡುತ್ತಾಳೆಂದು ನಾವು ಅವಳನ್ನು ಲಾಯರಮ್ಮ ಅನ್ನುತ್ತಿದ್ದೆವು. ಅವಳ ಅಜ್ಜಿ ನಮ್ಮ ಶಾಲೆಯಲ್ಲೇ ಕಸ ಗುಡಿಸುತ್ತಿದ್ದರು.

"ಮಿಸ್, ನಾವು ಮಾತಾಡ್ಕೊಂಡೇ ಬರೆದಿದ್ವಿ. ಬೆಂಚೇ ಜಾಸ್ತಿ ಇರ್ಬೇಕು. ಇನ್ನೊಂದ್ಸಲ ಎಣಿಸ್ತೀರಾ?"

"ಅಂದ್ರೆ ನಾನು ಸುಳ್ಳು ಹೇಳ್ತಿದೀನಾ?"

ಅವಳು ಕೂತಳು. ನಾನು ಚೀಟಿಗಳನ್ನು ಹರಿದು ಕಸದ ಬುಟ್ಟಿಗೆ ಹಾಕಿದೆ.

ಚಿತ್ರವೇನೋ ಚೆನ್ನಾಗಿಯೇ ಬಂತು. ಮೀನು, ಗಾಳಿಪಟ, ಎರಡಾಳೆತ್ತರದ ಸೂರ್ಯ. ಸಮಾರಂಭದಲ್ಲಿ ಮೈಕ್ ಹಿಡಿದು, "ಇದು ಮಕ್ಕಳೇ ಆರಿಸಿದ್ದು" ಎಂದು ಹಿರಿಹಿರಿ ಹಿಗ್ಗಿದೆ. ಬಣ್ಣ ಕೆಡಬಾರದೆಂದು ಮುತುವರ್ಜಿ ವಹಿಸಿ ಒಂದು ಬೋರ್ಡನ್ನೂ ಹಾಕಿಸಿದೆ: 'ದಯವಿಟ್ಟು ಗೋಡೆಗೆ ಒರಗಬೇಡಿ.'

ಮರುದಿನ ಸಂಜೆ ಬಸ್ಸಿಗೆ ಹೋದಾಗ ಅಜ್ಜಿ ಅಲ್ಲಿದ್ದರು. ಇಷ್ಟು ವರ್ಷ ಅವರು ಅದೇ ಗೋಡೆಗೆ ಬೆನ್ನು ಕೊಟ್ಟು, ಊದಿದ ಮಂಡಿ ಉಜ್ಜಿಕೊಳ್ಳುತ್ತ ನಿಲ್ಲುತ್ತಿದ್ದರು. ನಾನದನ್ನು ದಿನಾ ನೋಡಿದ್ದೆ. ನೋಡಿದ್ದೆ, ಅಷ್ಟೆ. ಈಗ ಗೋಡೆಯಿಂದ ಎರಡು ಹೆಜ್ಜೆ ಆಚೆ, ಕೈಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸುತ್ತ ನಿಂತಿದ್ದರು.

"ಒರಗ್ಕೊಳ್ಳಿ ಅಜ್ಜಿ, ಪರವಾಗಿಲ್ಲ."

"ಬೇಡ ಕಣಮ್ಮ. ಬೋರ್ಡ್‌ನಲ್ಲಿ ಏನಿದೆ ಅಂತ ಮೊಮ್ಮಗಳು ಓದಿ ಹೇಳಿದ್ಲು. ಮಕ್ಕಳು ಆಸೆಪಟ್ಟು ಆರಿಸ್ಕೊಂಡಿದ್ದು ಅಂತ ನೀವೇ ಹೇಳಿದ್ರಲ್ಲ. ನನ್ನ ಎಣ್ಣೆ ತಲೆ ತಾಗಿ ಹಾಳಾಗ್ಬಾರ್ದು."

ನಾಚಿಕೆಯಿಂದ ಹಿಡಿಯಷ್ಟಾದೆ. ಬಸ್ಸು ಬರಲು ಇಪ್ಪತ್ತು ನಿಮಿಷ ಹಿಡಿಯಿತು. ಅಷ್ಟೂ ಹೊತ್ತು ಅವರ ಮಂಡಿ ಬಿಟ್ಟು ಬೇರೆ ಕಡೆ ಕಣ್ಣು ಹೋಗಲಿಲ್ಲ.

ಬೆಳಗ್ಗೆ ಬಂದವಳೇ ಬೋರ್ಡ್ ಕಿತ್ತೆ. ತರಗತಿಗೆ ಹೋಗಿ ಖಾಲಿ ಚೀಟಿ ಹಂಚಿದೆ. "ಇನ್ನೊಂದು ಕೆಲಸ ಮಾಡೋಣ. ಈ ಸಲ ಲಾಯರಮ್ಮನೇ ಎಣಿಸ್ಲಿ" ಅಂದೆ. ಅವತ್ತು ಮಾಡಿದ್ದನ್ನು ಮೊದಲು ಒಪ್ಪಿಕೊಳ್ಳಬೇಕೆಂದು ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡು ಬಂದಿದ್ದೆ. ಅದನ್ನು ಹೇಳದೆ ಚಾಕ್ ಡಬ್ಬವನ್ನು ಅವಳ ಮುಂದಿಟ್ಟೆ.

ಯಾರೂ ಪೆನ್ನು ಮುಟ್ಟಲಿಲ್ಲ. ಕೊನೆಗೆ ಅವಳೇ ಎದ್ದಳು. ದನಿಯಲ್ಲಿ ಕೊಂಕಿಲ್ಲ, ಕೋಪವೂ ಇಲ್ಲ. ನನಗೆ ಸುಮ್ಮನೆ ಯಾಕೆ ತೊಂದರೆ ಎಂಬ ಕಾಳಜಿ.

"ಮಿಸ್, ಏನು ಬರೀಬೇಕು ಅಂತ ಹೇಳ್ಬಿಡಿ. ಅದನ್ನೇ ಬರೀತೀವಿ."