ಒಂದೇ ಒಂದು ಸುಳ್ಳು

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ ದೊಡ್ಡವರು. ಅವರಿಗೇನು, ಹೇಳಿ ಎಲೆಯಡಿಕೆ ಹಾಕಿಕೊಂಡು ಹೋಗಿಬಿಡುತ್ತಾರೆ. ಬಾಳುವೆ ಮಾಡಬೇಕಾದವಳು ಹೆಣ್ಣು. ಭಾಗ್ಯಾಳ ಸೋದರಮಾವ ಗಂಗಾರಾಮ ಹೇಳಿದ್ದು ಒಂದೇ ಒಂದು ಸುಳ್ಳು: "ಹುಡುಗಿಗೆ ಅವ್ವ ಇಲ್ರಿ. ಸಣ್ಣಾಕಿ ಇದ್ದಾಗನ ತೀರಿಕೊಂಡಾಳ." ಪಕ್ಕದಲ್ಲಿ ಕುಳಿತ ಭಾಗ್ಯಾಳೂ ಅದಕ್ಕೆ ತಲೆಯಾಡಿಸಿದ್ದಳು.

ಅವ್ವ ಗಟ್ಟಿಮುಟ್ಟಾಗಿಯೇ ಇದ್ದಳು. ಹೆಸರು ಲಕ್ಷ್ಮಿಬಾಯಿ, ಸಂಗೀತ ನಾಟಕದ ಕಂಪನಿಯಲ್ಲಿ ರಾಣಿಯ ಪಾತ್ರ, ಊರೂರು ತಿರುಗಾಟ. ಜುಗೂಳದ ಈ ಗಂಡಿನ ಮನೆಯವರು ನಾಟಕದವಳ ಮಗಳನ್ನು ತಂದುಕೊಳ್ಳುವವರಲ್ಲ. ತಾಯಿಗೆ ಭಾಗ್ಯಾ ಬೇರೆಯೇ ಹೇಳಿದ್ದಳು: "ನೀ ಪುಣೇದಾಗ ನೌಕರಿ ಮಾಡ್ತಿ ಅಂತ ಹೇಳೀವಿ ಅವ್ವಾ. ಸ್ವಲ್ಪ ದಿನ ಈ ಕಡೆ ಬರಬ್ಯಾಡ." ಲಕ್ಷ್ಮಿಬಾಯಿ ಮಗಳ ಮದುವೆಯ ಅಕ್ಕಿಕಾಳಿಗೂ ಬರಲಿಲ್ಲ. ಭಾಗ್ಯಾಳ ಮೊಬೈಲಿನಲ್ಲಿ ಆಕೆ 'ಟೇಲರ್ ಅಕ್ಕ' ಆಗಿ ಉಳಿದಳು.

ಹೀಗಿರುವಾಗ ಪಕ್ಕದ ಐನಾಪುರಕ್ಕೆ ಅದೇ ಕಂಪನಿ ಬರಬೇಕೇ! ಮೈಕು ಕಟ್ಟಿದ ಟಂಟಂ ಗಾಡಿ ಓಣಿಯೊಳಗೆ ಬಂದು, "ರವಿವಾರ ಮಧ್ಯಾಹ್ನ, ಹಳೇ ಕಾಲದ ಸಂಗೀತ ನಾಟಕ ವನರಾಣಿ! ಲಕ್ಷ್ಮಿಬಾಯಿಯವರ ಹಾಡು ಕೇಳಲು ಮರೆಯದಿರಿ" ಎಂದು ಕೂಗಿದಾಗ ಭಾಗ್ಯಾ ರೊಟ್ಟಿ ಬಡಿಯುತ್ತಿದ್ದಳು. ಹಂಚಿನ ಮೇಲಿದ್ದ ರೊಟ್ಟಿ ಸೀದು ಹೋಯಿತು.

ಅತ್ತೆ ಅಕ್ಕುತಾಯಿಗೆ ಹಾಡಿನ ಹುಚ್ಚು. "ಸಣ್ಣಾಕಿದ್ದಾಗ ನಾವು ಮಿರಜಿಗೆ ಹೋಗಿ ನೋಡಿ ಬರತಿದ್ವಿ. ನಡಿ ಭಾಗ್ಯಾ, ನೀನೂ ನೋಡಿದಂಗಾತು."

"ತಲಿ ಭಾಳ ನೋಯಾಕತ್ತೈತ್ರಿ ಅತ್ತಿ."

"ಹಾಡು ಕೇಳಿದ್ರ ತಾನ ಹೋಗ್ತೈತಿ, ಬಾ ಇಲ್ಲೆ." ಸೊಸೆಯ ಹಣೆಗೆ ಬಾಮು ತಿಕ್ಕುತ್ತಾ ಅಕ್ಕುತಾಯಿ ನಕ್ಕಳು. "ಕಂಪನಿಯವ್ರನ್ನ ಊಟಕ್ಕ ಕರಿಯೂಣೇನು ಅಂತ ಕೇಳ್ತಾನ ನಿನ್ನ ಗಂಡ. ಹುಚ್ಚ ಅದಾನ. ಹಾಡು ಕೇಳೂದು ಬ್ಯಾರೆ, ಅಂಥೋರನ್ನ ಹೊಸ್ತಿಲ ದಾಟಸೂದು ಬ್ಯಾರೆ."

ಅಷ್ಟು ಪ್ರೀತಿಯಿಂದ ತಿಕ್ಕುವ ಕೈ, ಅಂಥ ಮಾತು! ಭಾಗ್ಯಾ ನೆಪ ಹೇಳಿ ಎದ್ದಳು. ಹಿತ್ತಲಿಗೆ ಹೋಗಿ 'ಟೇಲರ್ ಅಕ್ಕ'ನಿಗೆ ಫೋನು ಹಚ್ಚಿದಳು, ಮತ್ತೆ ಮತ್ತೆ ಹಚ್ಚಿದಳು. ಯಾರೂ ಎತ್ತಲಿಲ್ಲ.

ಗಂಡ ಸಮಾಧಾನನೋ ಎಲ್ಲರಿಗಿಂತ ಮುಂದಿನ ಸಾಲಿನ ಟಿಕೀಟನ್ನೇ ತಂದಿದ್ದ, ಪುಣ್ಯಾತ್ಮ. ರವಿವಾರ ಹೊರಡುವ ಮುಂಚೆ ಭಾಗ್ಯಾ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಕನ್ನಡಿಯಲ್ಲಿ ಮುಖ ನೋಡಿಕೊಂಡಳು. ಅವ್ವನದೇ ಮೂಗು, ಅವ್ವನದೇ ಗದ್ದ. ಸೆರಗನ್ನು ಹಣೆಯ ತನಕ ಎಳೆದುಕೊಂಡು ಗಂಡನ ಮೋಟರ್‌ಸೈಕಲ್ ಹತ್ತಿದಳು. ಅತ್ತೆ ಹಿಂದೆ ಕುಳಿತು ಅವಳ ಸೊಂಟ ಗಟ್ಟಿಯಾಗಿ ಹಿಡಿದಳು.

ನಾಟಕಕ್ಕೆಂದು ಹಿಡಿದಿದ್ದ ಮದುವೆಯ ಮಂಗಲ ಕಾರ್ಯಾಲಯ ಜನರಿಂದ ತುಂಬಿ ಸೆಕೆ ಏರಿತ್ತು. ಮೊದಲ ನಾಂದಿ ಪದ ಮುಗಿದು ಮಖಮಲಿನ ಪರದೆ ಸರಿಯಿತು. ಜರಿ ಸೀರೆ, ದಪ್ಪ ಬಣ್ಣ, ತಲೆಯ ಮೇಲೆ ಕಿರೀಟ. ಅಬ್ಬಾ, ಎಷ್ಟು ಸೊರಗಿದ್ದಳು ಅವ್ವ! ಮೊದಲ ಮಾತು ಆಡುತ್ತಲೇ ಲಕ್ಷ್ಮಿಬಾಯಿಯ ಕಣ್ಣು ಮುಂದಿನ ಸಾಲಿಗೆ ಬಿತ್ತು, ನಿಂತಿತು, ಕೂಡಲೇ ಬೇರೆ ಕಡೆ ತಿರುಗಿತು.

"ನಿನ್ನ ನೋಡಿದಂಗ ಆತಲ್ಲ?" ಎಂದಳು ಅಕ್ಕುತಾಯಿ.

"ಎಲ್ಲಾರನ್ನೂ ನೋಡ್ತಾರ್ರಿ." ಭಾಗ್ಯಾ ಸೆರಗನ್ನು ಇನ್ನಷ್ಟು ಎಳೆದುಕೊಂಡಳು.

ಕಾಡಿನಲ್ಲಿ ಮಗುವನ್ನು ಕಳೆದುಕೊಂಡ ರಾಣಿಯ ಹಾಡು ಬಂತು. "ತಂಗಾಳಿಯೇ ಹೇಳೆ, ಯಾವ ಹಾದಿಯಲಿ ಬಂದೆ, ನನ್ನ ಕಂದನ ಮುಡಿಯ ಕಂಪನ್ನು ತಂದೆ." ಮುಗಿಯುವುದೇ ತಡ, ಜನ "ವನ್ಸ್ ಮೋರ್!" ಎಂದು ಕೂಗಿದರು. ಹಾಗೆ ಕೂಗಿದರೆ ಮತ್ತೆ ಹಾಡಲೇಬೇಕು, ಅದು ಕಂಪನಿಯ ರಿವಾಜು. ಲಕ್ಷ್ಮಿಬಾಯಿ ಮತ್ತೆ ಎತ್ತಿಕೊಂಡಳು. "ಯಾವ ಹಾದಿಯಲಿ ಬಂದೆ..." ಅಲ್ಲಿಗೇ ನಿಂತಳು. ಮುಂದಿನ ಸಾಲು ಬರಲೇ ಇಲ್ಲ. ಹಾರ್ಮೋನಿಯಂ ಪೇಟಿಯವನು ಅದೇ ಸ್ವರ ಸುತ್ತಿದ, ಮತ್ತೆ ಸುತ್ತಿದ. ಹಿಂದಿನಿಂದ ಸೀಟಿ ಬಿತ್ತು. "ಏ ಮುದುಕಿ, ಸಾಕ್ ಮಾಡು! ಮನಿಗಿ ನಡಿ!"

ಬಣ್ಣದ ಕೆಳಗೆ ಅವ್ವನ ತುಟಿ ಅದುರುತ್ತಿತ್ತು. ಬೇಡ, ಬಾಯಿ ತೆರೆಯಬೇಡ, ಕೆಟ್ಟೀಯ, ಎಂದು ಭಾಗ್ಯಾ ತನಗೆ ತಾನೇ ಹೇಳಿಕೊಂಡಳು. ಆದರೆ ಚಿಕ್ಕಂದಿನಲ್ಲಿ ಪರದೆಯ ಹಿಂದೆ ಅವ್ವನ ತೊಡೆಯ ಮೇಲೆ ಮಲಗಿ ಕಲಿತ ಹಾಡು ಅವಳ ಮಾತು ಕೇಳಬೇಕಲ್ಲ. "ನನ್ನ ಕಂದನ ಮುಡಿಯ ಕಂಪನ್ನು ತಂದೆ..." ಕುಳಿತಲ್ಲಿಂದಲೇ ದನಿ ಎದ್ದು ಹೋಯಿತು, ಅದೇ ಗಮಕ, ಅದೇ ಕೊಂಕು. ಇಡೀ ಕಾರ್ಯಾಲಯ ಅವಳತ್ತ ತಿರುಗಿತು. ಸಮಾಧಾನ ಬಾಯಿ ಬಿಟ್ಟು ನೋಡಿದ.

ಅಕ್ಕುತಾಯಿಯ ಕೈ ಬಂದು ಭಾಗ್ಯಾಳ ಭುಜದ ಮೇಲೆ ಕುಳಿತಿತು. ಮುಗಿಯಿತು ನನ್ನ ಕತೆ, ಅಂದುಕೊಂಡಳು.

ರಂಗದ ಮೇಲಿನಿಂದ ಲಕ್ಷ್ಮಿಬಾಯಿಯೇ ಮಗಳನ್ನು ಕಾಪಾಡಲು ನೋಡಿದಳು. ಗುರುತೇ ಇಲ್ಲದವಳಂತೆ ಕೈ ಮುಗಿದು, "ಯಾವೂರ್ರಿ ತಂಗಿ ನಿಮ್ದು? ಭಾಳ ಛಲೋ ಹಾಡಿದ್ರಿ" ಎಂದಳು. ಅಷ್ಟಕ್ಕೇ ಬಿಡಬೇಕಿತ್ತು. ಆದರೆ ತಾಯ ಜೀವ, ಆಸೆ ತಡೆಯಲಿಲ್ಲ. "ನಿಮ್ಮನ್ನ ಹಡದಾಕಿ ಪುಣ್ಯಾ ಮಾಡ್ಯಾಳ ಬಿಡ್ರಿ."

ಅಕ್ಕುತಾಯಿ ಎದ್ದು ನಿಂತಳು. ಅವಳ ಮುಖದ ತುಂಬ ಹೆಮ್ಮೆ. "ನಮ್ಮ ಸೊಸಿ ರೀ, ಜುಗೂಳದಾಕಿ! ಹಡದಾಕಿ ಎಲ್ಲಿ ಅದಾಳ್ರೀ ಪಾಪ, ಇಕಿ ಸಣ್ಣಾಕಿದ್ದಾಗನ ಸತ್ತಾಳ. ಈಗ ಇಕಿಗೆ ಅವ್ವ ಅಂದ್ರ ನಾನ."

ಜನ ಚಪ್ಪಾಳೆ ತಟ್ಟಿದರು. ಲಕ್ಷ್ಮಿಬಾಯಿ ತಟ್ಟಲಿಲ್ಲ. ಮಗಳ ಮುಖವನ್ನೇ ನೋಡುತ್ತಾ ನಿಂತಳು.

"ಸತ್ತಾಳೇನ್ರಿ ತಂಗಿ, ನಿಮ್ಮವ್ವ?"

ಭುಜದ ಮೇಲಿನ ಕೈ ಮೆಲ್ಲಗೆ ಒತ್ತಿತು. ಹುಟ್ಟಿದಾಗಿನಿಂದ ಅವ್ವನಿಗೆ ನೀ, ತಾ, ಬಾ ಎಂದೇ ಮಾತಾಡಿದವಳು ಭಾಗ್ಯಾ.

"ಹೌದ್ರಿ" ಎಂದಳು.

ಲಕ್ಷ್ಮಿಬಾಯಿ ಕಿರೀಟ ಸರಿಪಡಿಸಿಕೊಂಡು, ಪೇಟಿಯವನಿಗೆ ಕೈ ಮಾಡಿ, ಹಾಡನ್ನು ಮೊದಲಿನಿಂದ ಎತ್ತಿಕೊಂಡಳು. ಈ ಸಲ ಒಂದಕ್ಷರವೂ ತಪ್ಪಲಿಲ್ಲ. ನಾಟಕ ಮುಗಿಯುವ ತನಕ ಅವಳು ಮುಂದಿನ ಸಾಲಿನ ಕಡೆ ನೋಡಲಿಲ್ಲ.